0.8 ಪ್ಯಾಸ್ಕಲ್ ಅಂತ ಬಂದ ಉತ್ತರ

ಎರಡು ಕಡೆ ಬಾಗಿದ ಒಂದು ಪೈಪು. ಒಳಗೆ ನೀರು, ಸೆಕೆಂಡಿಗೆ 1 ಮೀಟರ್ ವೇಗ. ಈ ತುದಿಯಿಂದ ಆ ತುದಿಗೆ ಬರುವಷ್ಟರಲ್ಲಿ ಒತ್ತಡ ಎಷ್ಟು ಇಳಿಯುತ್ತದೆ? ಪ್ರಶ್ನೆ ಇಷ್ಟೇ. ಕೇಳಿದ್ದು ಒಂದು ಏಜೆಂಟ್‌ಗೆ, ಅಂದರೆ ಕೊಟ್ಟ ಕೆಲಸವನ್ನು ತಾನೇ ಹಂತ ಹಂತವಾಗಿ ಮಾಡುವ ಎಐ ಪ್ರೋಗ್ರಾಂಗೆ. ನಾವು ಕಟ್ಟಿಕೊಟ್ಟ ಟೂಲ್‌ಗಳನ್ನು ಹಿಡಿದು ಅದು ಮೆಶ್ ಮಾಡಿತು (ಲೆಕ್ಕಕ್ಕಾಗಿ ಪೈಪಿನ ಒಳಗನ್ನು ಚಿಕ್ಕ ಚಿಕ್ಕ ಕೋಶಗಳಾಗಿ ಕತ್ತರಿಸಿತು), ಹರಿವಿನ ಲೆಕ್ಕ ಹಾಕುವ ಓಪನ್‌ಫೋಮ್ ಸಾಫ್ಟ್‌ವೇರ್‌ನಲ್ಲಿ ಓಡಿಸಿತು, ಅಚ್ಚುಕಟ್ಟಾಗಿ ವರದಿಯನ್ನೂ ಬರೆಯಿತು. ಉತ್ತರ: 0.8 ಪ್ಯಾಸ್ಕಲ್.

ವರದಿ ನೋಡಿ ನನಗೆ ಖುಷಿಯೇ ಆಗಿತ್ತು. ಮೊದಲಿಂದ ಕೊನೆಯವರೆಗೆ ಯಾರೂ ಕೈ ಹಾಕದೆ ಒಂದು ಕೇಸು ಮುಗಿದಿದ್ದು ಅದೇ ಮೊದಲು. ಅಷ್ಟರಲ್ಲಿ ನಮ್ಮ ಹಿರಿಯ ಸಹೋದ್ಯೋಗಿ ಬಂದು ನನ್ನ ಹಿಂದೆ ನಿಂತು ಪರದೆ ನೋಡಿದರು.

"ಒಳಗೆ ಇರೋದು ಗಾಳೀನಾ, ನೀರಾ?"

"ನೀರು, ಸರ್."

"ಹಾಗಾದ್ರೆ ಇದು ಪ್ಯಾಸ್ಕಲ್ ಅಲ್ಲ. ಸಾಂದ್ರತೆಯಿಂದ ಗುಣಿಸೋದು ಬಿಟ್ಟುಹೋಗಿದೆ."

ಅವರು ಹೇಳಿದ್ದು ಸರಿ. ಓಪನ್‌ಫೋಮ್‌ನಲ್ಲಿ ಸಂಕುಚಿತವಾಗದ ಹರಿವನ್ನು ಲೆಕ್ಕ ಹಾಕುವ ಸಾಲ್ವರ್‌ಗಳು ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿ ಇಟ್ಟುಕೊಳ್ಳುತ್ತವೆ. ಅದರ ಯೂನಿಟ್ ಪ್ಯಾಸ್ಕಲ್ ಅಲ್ಲ, ಮೀ²/ಸೆ². ಕಡತದ ತಲೆಯಲ್ಲೇ ಏಳು ಅಂಕಿಗಳ ಒಂದು ಸಾಲಿನಲ್ಲಿ ಇದು ಬರೆದಿರುತ್ತದೆ: ದ್ರವ್ಯರಾಶಿಗೆ 0, ಉದ್ದಕ್ಕೆ 2, ಕಾಲಕ್ಕೆ ಮೈನಸ್ 2, ಉಳಿದ ನಾಲ್ಕೂ ಸೊನ್ನೆ. ನೀರಿನ ಸಾಂದ್ರತೆ ಘನಮೀಟರಿಗೆ ಸುಮಾರು 1000 ಕಿಲೋ. ಅಂದರೆ ನಿಜವಾದ ಇಳಿತ 800 ಪ್ಯಾಸ್ಕಲ್ ಹತ್ತಿರ. ಸಾವಿರ ಪಟ್ಟು ವ್ಯತ್ಯಾಸ. ಆ ಅಂಕಿ ನೋಡಿ ಯಾರಾದರೂ ಪಂಪು ಆರಿಸಿದ್ದರೆ?

ಆಮೇಲೆ ನಾನು ಆ ಟೂಲ್‌ಗೆ ಬರೆದಿದ್ದ ವಿವರಣೆ ತೆಗೆದು ನೋಡಿದೆ. ಒಂದೇ ಸಾಲು ಇತ್ತು: "ಎರಡು ಮೇಲ್ಮೈಗಳ ನಡುವಿನ ಒತ್ತಡದ ವ್ಯತ್ಯಾಸ ಕೊಡುತ್ತದೆ." ಯೂನಿಟ್ ಇಲ್ಲ. ಸಾಂದ್ರತೆಯ ಮಾತಿಲ್ಲ. ವರ್ಷಗಟ್ಟಲೆ ಈ ಸಾಲ್ವರ್ ಬಳಸಿದ ನನಗೆ ಅದು ಹೇಳಬೇಕಾದ ವಿಷಯ ಅಂತ ಅನ್ನಿಸಿರಲೇ ಇಲ್ಲ. ನಾನು ಬಿಟ್ಟ ಖಾಲಿ ಜಾಗವನ್ನು ಏಜೆಂಟ್ ತುಂಬಿತು, ಒತ್ತಡ ಅಂದಮೇಲೆ ಪ್ಯಾಸ್ಕಲ್ ಅಂತ. ಅದರ ಜಾಗದಲ್ಲಿ ಹೊಸದಾಗಿ ಸೇರಿದ ಹುಡುಗನೋ ಹುಡುಗಿಯೋ ಇದ್ದಿದ್ದರೂ ಹಾಗೇ ಮಾಡುತ್ತಿದ್ದರು. ಆದರೆ ಅವರು ವರದಿ ಬರೆಯುವ ಮೊದಲು ಪಕ್ಕದ ಮೇಜಿಗೆ ಹೋಗಿ ಒಂದು ಮಾತು ಕೇಳುತ್ತಿದ್ದರು. ಏಜೆಂಟ್‌ಗೆ ಪಕ್ಕದ ಮೇಜು ಇಲ್ಲ.

ಕಳೆದ ಕೆಲವು ತಿಂಗಳಿಂದ ನನ್ನ ಮುಖ್ಯ ಕೆಲಸ ಇದೇ ಆಗಿದೆ. ನಮ್ಮ ತಂಡದಲ್ಲಿ ಬಳಸುವ ಸಿಮ್ಯುಲೇಶನ್ ಸಾಫ್ಟ್‌ವೇರ್‌ಗಳನ್ನು ಏಜೆಂಟ್ ಕರೆಯುವ ಹಾಗೆ ಚಿಕ್ಕ ಚಿಕ್ಕ ಟೂಲ್‌ಗಳಾಗಿ ಕಟ್ಟೋದು, ಒಂದೊಂದಕ್ಕೂ ವಿವರಣೆ ಬರೆಯೋದು. ಕಟ್ಟೋದಕ್ಕಿಂತ ಬರೆಯೋದಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತಿದೆ. ಈ ಕೆಲಸ ಶುರು ಮಾಡುವವರಿಗೆ ಉಪಯೋಗ ಆಗಬಹುದು ಅಂತ, ನಾನು ಕಂಡುಕೊಂಡಿದ್ದನ್ನು ಬರೆದಿಡುತ್ತಿದ್ದೇನೆ.

ಏಜೆಂಟ್‌ಗೆ ಟೂಲ್ ಹೇಗೆ ಕಾಣುತ್ತದೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ನಾವು ಬಳಸುವುದು ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಹೊರತಂದಿದ್ದು. ಅದರಲ್ಲಿ ಟೂಲ್ ಅಂದರೆ ಮುಖ್ಯವಾಗಿ ಮೂರು ಸಂಗತಿ: ಒಂದು ಹೆಸರು, ಒಂದು ವಿವರಣೆ, ಏನೇನು ಕೊಡಬೇಕು ಅನ್ನುವ ಒಂದು ನಮೂನೆ. ಹಿಂದಿರುವ ಕೋಡ್ ಏಜೆಂಟ್‌ಗೆ ಕಾಣೋದಿಲ್ಲ. ನಿನ್ನೆ ಏನು ತಪ್ಪಾಗಿತ್ತು ಅನ್ನೋದೂ ಅದಕ್ಕೆ ನೆನಪಿಲ್ಲ, ನಾವು ಎಲ್ಲಾದರೂ ಬರೆದಿಟ್ಟು ತೋರಿಸದಿದ್ದರೆ. ಪ್ರತಿ ಸಲವೂ ಅದು ಹೊಸದಾಗಿ ಬಂದು, ನಾಲ್ಕು ಸಾಲು ಓದಿ, ಕೆಲಸಕ್ಕೆ ಇಳಿಯುತ್ತದೆ. ಆ ನಾಲ್ಕು ಸಾಲಿನಲ್ಲಿ ಏನಿರಬೇಕು?

ನನ್ನ ಮೊದಲ ಉತ್ತರ "ಎಲ್ಲವೂ ಇರಲಿ" ಅಂತಿತ್ತು. ಸಾಫ್ಟ್‌ವೇರ್‌ನ ಪೂರ್ತಿ ಕೈಪಿಡಿಯನ್ನೇ ಏಜೆಂಟ್ ಓದುವ ಹಾಗೆ ಇಟ್ಟೆ. ಅದು ಕೆಲಸಕ್ಕೆ ಬರಲಿಲ್ಲ. ಕೈಪಿಡಿ ಇರೋದು ಹುಡುಕುವವರಿಗೆ. ಏನು ಹುಡುಕಬೇಕು ಅಂತ ಗೊತ್ತಿರುವವರಿಗೆ ಅದು ಚಿನ್ನ. ಗೊತ್ತಿಲ್ಲದವರಿಗೆ 300 ಪುಟ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೇಲಾಗಿ ಏಜೆಂಟ್ ಒಂದೇ ಸಲಕ್ಕೆ ಇಷ್ಟು ಅಂತ ಮಾತ್ರ ತಲೆಯಲ್ಲಿ ಇಟ್ಟುಕೊಳ್ಳಬಲ್ಲದು. ಅದರಲ್ಲಿ ಅರ್ಧ ಜಾಗವನ್ನು ಕೈಪಿಡಿಯೇ ತಿಂದರೆ ಕೆಲಸಕ್ಕೆ ಉಳಿಯೋದು ಕಡಿಮೆ.

ಇನ್ನೊಂದು ತೊಡಕು ಇದೆ. ಇದು ನನಗೆ ತಡವಾಗಿ ಹೊಳೆಯಿತು. ಓಪನ್‌ಫೋಮ್ ಒಂದೇ ಅಲ್ಲ, ಎರಡು ಮುಖ್ಯ ಕವಲುಗಳಿವೆ. ಒಂದನ್ನು ಓಪನ್‌ಫೋಮ್ ಫೌಂಡೇಶನ್ ನೋಡಿಕೊಳ್ಳುತ್ತದೆ, ಇನ್ನೊಂದು ಓಪನ್‌ಸಿಎಫ್‌ಡಿ ಕಂಪನಿಯಿಂದ ಬರುತ್ತದೆ. ಹೆಸರು ಅದೇ, ಒಳಗಿನ ಕಡತಗಳ ಹೆಸರು ಬೇರೆ ಬೇರೆ. ಒಂದರಲ್ಲಿ ಟ್ರಾನ್ಸ್‌ಪೋರ್ಟ್‌ಪ್ರಾಪರ್ಟೀಸ್ ಅನ್ನುವ ಕಡತ, ಇನ್ನೊಂದರ ಹೊಸ ಆವೃತ್ತಿಗಳಲ್ಲಿ ಅದೇ ಕೆಲಸಕ್ಕೆ ಫಿಸಿಕಲ್‌ಪ್ರಾಪರ್ಟೀಸ್. ಫೌಂಡೇಶನ್‌ನವರು 2023ರಲ್ಲಿ ತಂದ 11ನೇ ಆವೃತ್ತಿಯಲ್ಲಿ ಫೋಮ್‌ರನ್ ಅಂತ ಒಂದೇ ಪ್ರೋಗ್ರಾಂ ಮಾಡಿ, ಸಾಲ್ವರ್‌ಗಳನ್ನು ಅದರೊಳಗೆ ಮಾಡ್ಯೂಲ್‌ಗಳಾಗಿ ಇಟ್ಟರು. ಆದರೆ ಇಂಟರ್ನೆಟ್ ತುಂಬ ಇರುವ ಪಾಠಗಳಲ್ಲಿ ಹಳೆಯ ಹೆಸರುಗಳೇ ಜಾಸ್ತಿ. ಏಜೆಂಟ್ ಕಲಿತದ್ದೂ ಅದನ್ನೇ. ಹಾಗಾಗಿ ಅದಕ್ಕೆ ಏನೂ ಗೊತ್ತಿಲ್ಲ ಅಂದುಕೊಂಡು ಬರೆದರೆ ಸಾಲದು. ಅದಕ್ಕೆ ಗೊತ್ತಿರುವುದರಲ್ಲಿ ಯಾವುದು ಇಲ್ಲಿ ನಡೆಯೋದಿಲ್ಲ ಅಂತಲೂ ಹೇಳಬೇಕು. ಈಗ ನಮ್ಮ ಪ್ರತಿಯೊಂದು ಓಪನ್‌ಫೋಮ್ ಟೂಲ್‌ನ ವಿವರಣೆಯ ಮೊದಲ ಸಾಲಿನಲ್ಲೇ ಕವಲು, ಆವೃತ್ತಿ ಎರಡೂ ಇರುತ್ತವೆ. ಆ ಸಾಲು ಸೇರಿಸಿದ ದಿನವೇ ಸಿಗದ ಕಡತಕ್ಕಾಗಿ ಏಜೆಂಟ್ ಅಲೆಯೋದು ನಿಂತಿತು.

ಆದರೂ ಇದು ಸಣ್ಣ ತೊಂದರೆ. ಕಡತ ಸಿಗದಿದ್ದರೆ ಸಾಫ್ಟ್‌ವೇರ್ ಕೂಗುತ್ತದೆ. ಏಜೆಂಟ್ ಆ ಕೂಗು ಓದಿ, ತಿದ್ದಿಕೊಂಡು ಮುಂದೆ ಹೋಗುತ್ತದೆ. ಎರಡು ಮೂರು ಸಲ ಸುತ್ತಿದರೂ ಕೊನೆಗೆ ದಾರಿಗೆ ಬರುತ್ತದೆ. ನನಗೆ ಭಯ ಇರೋದು ಕೂಗದ ತಪ್ಪುಗಳ ಬಗ್ಗೆ. 0.8 ಪ್ಯಾಸ್ಕಲ್ ಅಂಥದ್ದು. ಎಲ್ಲಾ ಸರಿಯಾಗಿ ಓಡಿತು, ಎಲ್ಲೂ ಕೆಂಪು ಅಕ್ಷರ ಬರಲಿಲ್ಲ, ಉತ್ತರ ಮಾತ್ರ ಸುಳ್ಳು. ವಿವರಣೆಯಲ್ಲಿ ನನಗೆ ಸಿಗೋದೇ ಕೆಲವು ಸಾಲು ಅಂದಮೇಲೆ, ಅವನ್ನೆಲ್ಲ ಇಂಥ ತಪ್ಪುಗಳಿಗೇ ಖರ್ಚು ಮಾಡಬೇಕು ಅಂತ ಆವತ್ತು ತೀರ್ಮಾನಿಸಿದೆ. ಹಾಗೆ ಹುಡುಕುತ್ತಾ ಹೋದರೆ ಒಂದೊಂದು ಸಾಫ್ಟ್‌ವೇರ್‌ನಲ್ಲೂ ಇಂಥವು ಸಿಗುತ್ತವೆ. ಅದರಲ್ಲೂ ಯೂನಿಟ್‌ಗಳಲ್ಲಿ.

ಅಣುಗಳ ಚಲನೆ ಲೆಕ್ಕ ಹಾಕುವ ಲ್ಯಾಂಪ್ಸ್ ತಗೊಳ್ಳಿ. ಅದರಲ್ಲಿ ಯೂನಿಟ್‌ಗಳ ಪದ್ಧತಿಯನ್ನು ಮೊದಲೇ ಆರಿಸಬೇಕು. "ರಿಯಲ್" ಅಂದರೆ ಕಾಲ ಫೆಮ್ಟೊಸೆಕೆಂಡಿನಲ್ಲಿ. "ಮೆಟಲ್" ಅಂದರೆ ಪಿಕೊಸೆಕೆಂಡಿನಲ್ಲಿ, ಅಂದರೆ ಸಾವಿರ ಪಟ್ಟು ದೊಡ್ಡದು. ಏಜೆಂಟ್ ಒಂದು ಸಲ "ಮೆಟಲ್" ಇಟ್ಟು ಕಾಲದ ಹೆಜ್ಜೆ 1.0 ಕೊಟ್ಟಿತು. ಪರಮಾಣುಗಳು ಪೆಟ್ಟಿಗೆಯಿಂದ ಹಾರಿಹೋದವು, "ಲಾಸ್ಟ್ ಆಟಮ್ಸ್" ಅಂತ ಎರರ್ ಬಂತು, ಓಟ ನಿಂತಿತು. ಒಳ್ಳೆಯದೇ ಆಯಿತು. ಇನ್ನೊಂದು ಸಲ ಉಲ್ಟಾ ಆಯಿತು. "ರಿಯಲ್" ಇಟ್ಟು ಹೆಜ್ಜೆ 0.001 ಕೊಟ್ಟಿತು. 1 ಲಕ್ಷ ಹೆಜ್ಜೆ ಓಡಿತು. ಶಕ್ತಿ ಸ್ಥಿರ, ತಾಪ ಸ್ಥಿರ, ಗ್ರಾಫು ನೋಡಲು ಬಲು ಚಂದ. ಲೆಕ್ಕ ಹಾಕಿದರೆ ಒಟ್ಟು ಕಾಲ 100 ಫೆಮ್ಟೊಸೆಕೆಂಡ್. ಅಷ್ಟರೊಳಗೆ ಪರಮಾಣುಗಳು ಇದ್ದ ಜಾಗದಲ್ಲೇ ಕೆಲವು ಸಲ ಅಲುಗಾಡಿರಬಹುದು, ಅಷ್ಟೇ. ವರದಿಯಲ್ಲಿ ಮಾತ್ರ "ವ್ಯವಸ್ಥೆ ಸಮತೋಲನಕ್ಕೆ ಬಂದಿದೆ" ಅಂತ ಇತ್ತು.

ಸರ್ಕ್ಯೂಟ್ ಲೆಕ್ಕ ಹಾಕುವ ಎನ್‌ಜಿಸ್ಪೈಸ್‌ನ ಕಥೆ ಇನ್ನೂ ಹಳೆಯದು. ಅದರ ಮೂಲವಾದ ಸ್ಪೈಸ್ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 1973ರಲ್ಲಿ ಹೊರಬಂತು. ಅದು ದೊಡ್ಡಕ್ಷರ ಸಣ್ಣಕ್ಷರ ಅಂತ ಭೇದ ಮಾಡೋದಿಲ್ಲ. ಹಾಗಾಗಿ ಸಂಖ್ಯೆಯ ಮುಂದೆ ದೊಡ್ಡ "ಎಂ" ಬರೆದರೂ ಅದು ಮಿಲಿ, ಮೆಗಾ ಅಲ್ಲ. ಮೆಗಾ ಬೇಕಾದರೆ "ಮೆಗ್" ಅಂತ ಮೂರು ಅಕ್ಷರ ಬರೆಯಬೇಕು. 1 ಮೆಗಾಓಮ್ ಅಂದುಕೊಂಡು "1ಎಂ" ಅಂತ ಬರೆದರೆ ಸಿಗೋದು ಓಮ್‌ನ ಸಾವಿರದಲ್ಲಿ ಒಂದು ಭಾಗ. ಅದೇ ರೀತಿ ಕಡತದ ಮೊದಲ ಸಾಲು ಯಾವಾಗಲೂ ಶೀರ್ಷಿಕೆ. ಅಲ್ಲಿ ಏನೇ ಬರೆದರೂ ಲೆಕ್ಕಕ್ಕಿಲ್ಲ. ಏಜೆಂಟ್ ಒಂದು ಸಲ ಆ ಮೊದಲ ಸಾಲಿನಲ್ಲೇ ವೋಲ್ಟೇಜ್ ಸೋರ್ಸ್ ಬರೆದಿತ್ತು. ಸರ್ಕ್ಯೂಟಿಗೆ ಕರೆಂಟೇ ಇಲ್ಲ. ಎಲ್ಲಾ ಕಡೆ ಸೊನ್ನೆ ವೋಲ್ಟ್. ಓಟ ಮಾತ್ರ ಯಾವ ತಕರಾರೂ ಇಲ್ಲದೆ ಮುಗಿದಿತ್ತು. ಈ ಸಾಫ್ಟ್‌ವೇರ್ ಬಳಸುವವರಿಗೆ ಇದು ಮೊದಲ ವಾರದಲ್ಲೇ ಗೊತ್ತಾಗುತ್ತದೆ, ಯಾರಾದರೂ ಪಕ್ಕದಲ್ಲಿ ಕೂತು ಹೇಳಿರುತ್ತಾರೆ. ನಮ್ಮ ಟೂಲ್‌ನಲ್ಲಿ ಈಗ ಶೀರ್ಷಿಕೆಯನ್ನು ಬೇರೆಯೇ ಕಂಡಿಯಲ್ಲಿ ಕೇಳುತ್ತೇವೆ, ಕಡತವನ್ನು ಟೂಲೇ ಜೋಡಿಸುತ್ತದೆ. ಬರೆದು ಎಚ್ಚರಿಸೋದಕ್ಕಿಂತ ತಪ್ಪಿಗೆ ಜಾಗವೇ ಇಲ್ಲದ ಹಾಗೆ ಮಾಡೋದು ವಾಸಿ, ಸಾಧ್ಯ ಇದ್ದ ಕಡೆ.

ನನ್ನನ್ನು ಜಾಸ್ತಿ ಕಾಡಿದ್ದು ಕ್ಯಾಲ್ಕ್ಯುಲಿಕ್ಸ್. ಕಟ್ಟಡ, ಯಂತ್ರಭಾಗ ಇಂಥವುಗಳ ಮೇಲೆ ಬೀಳುವ ಬಲ, ಅವುಗಳ ಕಂಪನ ಲೆಕ್ಕ ಹಾಕುವ ಸಾಫ್ಟ್‌ವೇರ್ ಅದು. ಅದಕ್ಕೆ ಯೂನಿಟ್ ಅನ್ನೋದೇ ಇಲ್ಲ. ಬರೀ ಸಂಖ್ಯೆಗಳು. ಒಂದಕ್ಕೊಂದು ಹೊಂದುವ ಹಾಗೆ ನೋಡಿಕೊಳ್ಳಬೇಕಾದವರು ನಾವು. ಉದ್ದ ಮಿಲಿಮೀಟರಿನಲ್ಲಿ, ಬಲ ನ್ಯೂಟನ್‌ನಲ್ಲಿ ಇಟ್ಟರೆ ಒತ್ತಡ ಮೆಗಾಪ್ಯಾಸ್ಕಲ್‌ನಲ್ಲಿ ಬರುತ್ತದೆ. ಆಗ ದ್ರವ್ಯರಾಶಿ ಕಿಲೋದಲ್ಲಿ ಅಲ್ಲ, ಟನ್‌ನಲ್ಲಿ ಇರಬೇಕು. ಉಕ್ಕಿನ ಸಾಂದ್ರತೆ 7850 ಅಲ್ಲ, 7.85 × 10⁻⁹. ಏಜೆಂಟ್ ಜಾಣತನ ತೋರಿಸಿ ಘನಮೀಟರನ್ನು ಘನಮಿಲಿಮೀಟರಿಗೆ ಬದಲಿಸಿತು, ಕಿಲೋವನ್ನು ಕಿಲೋ ಆಗಿಯೇ ಬಿಟ್ಟಿತು. 7.85 × 10⁻⁶. ನೋಡಿದರೆ ಸರಿ ಅಂತಲೇ ಅನ್ನಿಸುತ್ತದೆ, ಅಲ್ವಾ? ಎರಡು ದಿನ ಅದೇ ಕಡತದಲ್ಲಿ ಭಾರ ಹಾಕಿ ಎಷ್ಟು ಬಾಗುತ್ತದೆ ಅಂತ ನೋಡಿದೆವು, ಎಲ್ಲಾ ಸರಿಯಾಗೇ ಬಂತು. ಸ್ವಂತ ತೂಕ ಸೇರಿಸದಿದ್ದರೆ ಆ ಲೆಕ್ಕಕ್ಕೆ ಸಾಂದ್ರತೆ ಬೇಕೇ ಇಲ್ಲ. ಮೂರನೇ ದಿನ ಕಂಪನದ ಲೆಕ್ಕ. 95 ಹರ್ಟ್ಸ್ ಬರಬೇಕಾದ ಕಡೆ 3 ಹರ್ಟ್ಸ್ ಬಂತು. ಸಾಂದ್ರತೆ ಸಾವಿರ ಪಟ್ಟು ತಪ್ಪಿದರೆ ಕಂಪನದ ಸಂಖ್ಯೆ ಅದರ ವರ್ಗಮೂಲದಷ್ಟು, ಸುಮಾರು 32 ಪಟ್ಟು ತಪ್ಪುತ್ತದೆ. 3 ಹರ್ಟ್ಸ್ ಅನ್ನೋದು ಕೇಳಿದ ಕೂಡಲೇ ನಗು ಬರುವ ಸಂಖ್ಯೆಯಲ್ಲ. ತೆಳ್ಳಗಿನ ಉದ್ದನೆಯ ಭಾಗಕ್ಕೆ ಅಷ್ಟೂ ಇರಬಹುದು. ಕೈಲೆಕ್ಕ ಮಾಡಿ ನೋಡುವ ಅಭ್ಯಾಸ ನಮ್ಮ ತಂಡದಲ್ಲಿ ಒಬ್ಬರಿಗೆ ಇದ್ದಿದ್ದಕ್ಕೆ ಸಿಕ್ಕಿಬಿತ್ತು.

ಇದೆಲ್ಲ ಆದಮೇಲೆ, ಟೂಲ್‌ಗೆ ಕೊಡಬೇಕಾದ ಅಂಕಿಗಳ ಹೆಸರುಗಳನ್ನು ಬದಲಿಸಿದೆ. ಮೊದಲು ಬರೀ "ಸಾಂದ್ರತೆ" ಅಂತ ಇದ್ದ ಕಡೆ ಈಗ "ಸಾಂದ್ರತೆ_ಟನ್_ಪ್ರತಿ_ಘನಮಿಮೀ". ಉದ್ದ, ನೋಡಲು ಚಂದ ಇಲ್ಲ. ಆದರೆ ಏಜೆಂಟ್ ವಿವರಣೆ ಓದೋದನ್ನು ಮರೆತರೂ ಹೆಸರನ್ನು ಬರೆಯದೆ ಕರೆಯೋಕೆ ಆಗೋದಿಲ್ಲ. ಬರೆಯುವಾಗಲೇ ಯೂನಿಟ್ ಅದರ ಕಣ್ಣೆದುರು ಇರುತ್ತದೆ. ಜೊತೆಗೆ, ತಪ್ಪಿದರೆ ಉತ್ತರವನ್ನೇ ಸದ್ದಿಲ್ಲದೆ ಕೆಡಿಸುವ ಯಾವುದಕ್ಕೂ ಡಿಫಾಲ್ಟ್ ಇಡೋದನ್ನು ನಿಲ್ಲಿಸಿದೆ. ಸಾಂದ್ರತೆ ಕೊಡಲಿಲ್ಲವೋ, ಟೂಲ್ ಓಡೋದಿಲ್ಲ.

ಈ ಪೈಕಿ ಕೆಲವನ್ನು ನಮಗಿಂತ ಮೊದಲೇ ಯೋಚಿಸಿದವರಿದ್ದಾರೆ. ಫಂಕ್ಷನಲ್ ಮಾಕ್-ಅಪ್ ಇಂಟರ್‌ಫೇಸ್ ಅನ್ನುವ ಮಾನದಂಡ ಬಂದಿದ್ದು 2010ರಲ್ಲಿ. ಒಂದು ಸಾಫ್ಟ್‌ವೇರ್‌ನಲ್ಲಿ ಮಾಡಿದ ಮಾದರಿಯನ್ನು ಇನ್ನೊಂದರಲ್ಲಿ ಓಡಿಸೋದು ಅದರ ಉದ್ದೇಶ. ಮಾದರಿಯ ಜೊತೆಗೇ ಒಂದು ವಿವರಣೆಯ ಕಡತ ಹೋಗುತ್ತದೆ. ಯಾವ ಚರಾಂಶ ಒಳಗೆ ಹೋಗುವಂಥದ್ದು, ಯಾವುದು ಹೊರಗೆ ಬರುವಂಥದ್ದು, ಶುರುವಿನ ಬೆಲೆ ಎಷ್ಟು ಅಂತ ಅದರಲ್ಲಿ ಇರುತ್ತದೆ. ಯೂನಿಟ್, ಕನಿಷ್ಠ, ಗರಿಷ್ಠ ಬರೆಯಲೂ ಜಾಗ ಇದೆ. ಮನುಷ್ಯರೂ ಓದಬಹುದು, ಯಂತ್ರವೂ ಓದಬಹುದು. ಕಟ್ಟಡಗಳ ಶಕ್ತಿ ಬಳಕೆ ಲೆಕ್ಕ ಹಾಕುವ ಎನರ್ಜಿಪ್ಲಸ್‌ನಲ್ಲೂ ಇಂಥದ್ದೇ ಒಂದು ಕಡತ ಇದೆ. ಅಂಥ ಸಾಫ್ಟ್‌ವೇರ್‌ಗಳಿಗೆ ವಿವರಣೆ ಬರೆಯೋದು ನನಗೆ ಅರ್ಧ ದಿನದ ಕೆಲಸ ಆಯಿತು. ಬಾಕಿಯವುಗಳಿಗೆ ವಾರಗಳೇ ಹಿಡಿದವು.

ಯೂನಿಟ್ ಬಿಟ್ಟರೆ ಇನ್ನೊಂದು ದೊಡ್ಡ ಕೂಗದ ತಪ್ಪು ಅಂದರೆ "ಮುಗಿಯಿತು" ಅನ್ನುವ ಮಾತು. ಓಪನ್‌ಫೋಮ್‌ನ ಸಿಂಪಲ್‌ಫೋಮ್ ಅನ್ನುವ ಸಾಲ್ವರ್‌ಗೆ ಸಾವಿರ ಸುತ್ತು ಓಡು ಅಂತ ಹೇಳಿದರೆ ಸಾವಿರ ಸುತ್ತು ಓಡಿ, ಲಾಗ್‌ನ ಕೊನೆಗೆ "ಎಂಡ್" ಅಂತ ಬರೆದು ನಿಲ್ಲುತ್ತದೆ. ಲೆಕ್ಕ ಒಂದು ನೆಲೆಗೆ ಬಂದಿದ್ದರೂ "ಎಂಡ್", ಮೇಲೆ ಕೆಳಗೆ ಹೊಯ್ದಾಡುತ್ತಿದ್ದರೂ "ಎಂಡ್". ಎರಡೂ ಸಲ ಪ್ರೋಗ್ರಾಂ ಕೊಡುವ ಸಂಕೇತ ಸೊನ್ನೆ, ಅಂದರೆ ಯಶಸ್ಸು. ಪ್ರತಿ ಸುತ್ತಿನಲ್ಲೂ ಲೆಕ್ಕದಲ್ಲಿ ಉಳಿಯುವ ತಪ್ಪಿನ ಅಳತೆಗೆ ರೆಸಿಡುಯಲ್ ಅನ್ನುತ್ತಾರೆ. ಅದಕ್ಕೆ ಮಿತಿ ಹಾಕಿ, ಅದರೊಳಗೆ ಬಂದರೆ ಮಾತ್ರ ಇಂತಿಷ್ಟು ಸುತ್ತಿನಲ್ಲಿ ಕನ್ವರ್ಜ್ ಆಯಿತು, ಅಂದರೆ ನೆಲೆಗೆ ಬಂತು ಅಂತ ಇನ್ನೊಂದು ಸಾಲು ಬರುತ್ತದೆ. ಆ ಸಾಲು ಇಲ್ಲ ಅನ್ನೋದನ್ನು ಗಮನಿಸಬೇಕು. ಇಲ್ಲದ ಸಾಲನ್ನು ಗಮನಿಸೋದು ಯಾರಿಗಾದರೂ ಕಷ್ಟವೇ. ಅದಕ್ಕೆ ಓಟದ ಟೂಲ್ ಈಗ ಬರೀ "ಮುಗಿಯಿತು" ಅನ್ನೋದಿಲ್ಲ. "ಓಟ ನಿಂತಿತು. ಕನ್ವರ್ಜ್ ಆಗಿಲ್ಲ. ಕೊನೆಯ 200 ಸುತ್ತಿನಲ್ಲಿ ಒತ್ತಡದ ರೆಸಿಡುಯಲ್ ಇಳಿದಿಲ್ಲ. ಈ ಫಲಿತಾಂಶವನ್ನು ಅಂತಿಮ ಅಂತ ವರದಿ ಮಾಡಬೇಡ." ಹೀಗೆ ಹೇಳುತ್ತದೆ. ವಿವರಣೆ ಅಂದರೆ ಟೂಲ್ ಕರೆಯುವ ಮೊದಲು ಓದುವುದು ಮಾತ್ರ ಅಂತ ನಾನು ಅಂದುಕೊಂಡಿದ್ದೆ. ಟೂಲ್ ತಿರುಗಿ ಕೊಡುವ ಮಾತೂ ವಿವರಣೆಯೇ. ಅದು ಸರಿಯಾದ ಹೊತ್ತಿಗೆ ಬರುತ್ತದೆ ಅನ್ನುವ ಕಾರಣಕ್ಕೆ ಜಾಸ್ತಿ ತಾಗುತ್ತದೆ.

ಎರರ್‌ಗಳಿಗೂ ಹೀಗೇ ಮಾಡಿದೆವು. "ಲಾಸ್ಟ್ ಆಟಮ್ಸ್" ಬಂದರೆ ಟೂಲ್ ಅದರ ಕೆಳಗೆ ಮೂರು ಸಾಲು ಸೇರಿಸುತ್ತದೆ: ಈಗಿನ ಯೂನಿಟ್ ಪದ್ಧತಿ ಇದು, ಈ ಪದ್ಧತಿಯಲ್ಲಿ ನಿನ್ನ ಹೆಜ್ಜೆ ಇಷ್ಟು ಫೆಮ್ಟೊಸೆಕೆಂಡ್, ಮೊದಲು ಶಕ್ತಿ ಕನಿಷ್ಠ ಮಾಡಿದ್ದೀಯಾ ನೋಡು. ಇದಕ್ಕೂ ಮೊದಲು ಏಜೆಂಟ್ ಆ ಎರರ್ ಕಂಡ ಕೂಡಲೇ ಪರಮಾಣು ಕಳೆದುಹೋದರೂ ಪರವಾಗಿಲ್ಲ ಅನ್ನುವ ಆಯ್ಕೆ ಹಾಕಿ ಓಟ ಮುಂದುವರಿಸುತ್ತಿತ್ತು. ಕೂಗುವ ತಪ್ಪನ್ನು ಅದೇ ಬಾಯಿ ಮುಚ್ಚಿಸುತ್ತಿತ್ತು. ಆ ಆಯ್ಕೆಯನ್ನು ಈಗ ಟೂಲ್‌ನಿಂದಲೇ ತೆಗೆದುಬಿಟ್ಟಿದ್ದೇನೆ.

ಉದಾಹರಣೆಗಳ ವಿಷಯದಲ್ಲಿ ನಮ್ಮ ತಂಡದಲ್ಲಿ ಈಗಲೂ ಒಮ್ಮತ ಇಲ್ಲ. ಒಬ್ಬರು ಹೇಳುತ್ತಾರೆ, ವಿವರಣೆ ಯಾಕೆ, ನಾಲ್ಕು ಒಳ್ಳೆಯ ಉದಾಹರಣೆ ಕೊಡಿ, ಅದು ತಾನಾಗೇ ಕಲಿಯುತ್ತದೆ. ಕಲಿಯುತ್ತದೆ, ನಿಜ. ಅಂಕಿಗಳನ್ನೂ ಎತ್ತಿಕೊಳ್ಳುತ್ತದೆ. ಓಪನ್‌ಫೋಮ್ ಕಲಿಯುವವರು ಮೊದಲು ಓಡಿಸುವ ಕೇಸು ಒಂದು ಚೌಕ ಪೆಟ್ಟಿಗೆ, ಬದಿ 0.1 ಮೀಟರ್, ಮೇಲಿನ ಮುಚ್ಚಳ ಸೆಕೆಂಡಿಗೆ 1 ಮೀಟರ್ ಜಾರುತ್ತದೆ. ಮೆಶ್ 20 × 20, ಕಾಲದ ಹೆಜ್ಜೆ 0.005 ಸೆಕೆಂಡ್. ಆ 0.005 ಸುಮ್ನೆ ಬಂದಿದ್ದಲ್ಲ. ಒಂದು ಕೋಶದ ಅಗಲ 0.1 ಭಾಗಿಸು 20, ಅಂದರೆ 0.005 ಮೀಟರ್. ಒಂದು ಹೆಜ್ಜೆಯಲ್ಲಿ ಹರಿವು ಒಂದು ಕೋಶಕ್ಕಿಂತ ಹೆಚ್ಚು ದಾಟಬಾರದು, ಅಂದರೆ ಕೊರಾಂಟ್ ಸಂಖ್ಯೆ 1 ಮೀರಬಾರದು ಅಂತ ಆರಿಸಿದ್ದು. ಅದನ್ನೇ ಉದಾಹರಣೆಯಾಗಿ ಕೊಟ್ಟೆವು. ಹೆಚ್ಚು ನಿಖರ ಬೇಕು ಅಂತ ಕೇಳಿದಾಗ ಏಜೆಂಟ್ ಮೆಶ್ ಅನ್ನು 80 × 80 ಮಾಡಿತು, ಹೆಜ್ಜೆಯನ್ನು 0.005 ಆಗಿಯೇ ಉಳಿಸಿಕೊಂಡಿತು. ಕೊರಾಂಟ್ ಸಂಖ್ಯೆ 4ಕ್ಕೆ ಹೋಯಿತು. ಅದಕ್ಕೆ ಕಂಡಿದ್ದು ಅಂಕಿ, ಅಂಕಿಯ ಹಿಂದಿನ ಕಾರಣ ಕಾಣಲಿಲ್ಲ. ಯಾಕಂದರೆ ನಾವು ಬರೆದಿರಲಿಲ್ಲ. ಈಗ ಉದಾಹರಣೆಯ ಪ್ರತಿ ಅಂಕಿಯ ಪಕ್ಕ ಒಂದು ಮಾತು ಇರುತ್ತದೆ: ಇದು ಪ್ರಶ್ನೆಯಿಂದ ಬಂದಿದ್ದು, ಇದು ಮೆಶ್‌ನಿಂದ ಲೆಕ್ಕ ಹಾಕಿದ್ದು, ಇದು ಯಾವುದಾದರೂ ಒಂದು ಇರಲಿ ಅಂತ ಇಟ್ಟಿದ್ದು. ಆ ಮೂರನೆಯ ಬಗೆಯ ಅಂಕಿಗಳು ನಮ್ಮ ಉದಾಹರಣೆಗಳಲ್ಲಿ ಎಷ್ಟೊಂದು ಇದ್ದವು ಅಂತ ಆಗಲೇ ಗೊತ್ತಾಗಿದ್ದು.

ಹೊತ್ತು ಹಿಡಿಯುವ ಕೆಲಸಗಳ ಬಗ್ಗೆ ಒಂದೇ ಮಾತು. ಓಟ ಶುರು ಮಾಡುವ ಟೂಲ್ ಕೂಡಲೇ ಒಂದು ನಂಬರ್ ಕೊಟ್ಟು ಹಿಂದಿರುಗುತ್ತದೆ, ಓಟ ಮುಗಿಯಲು ಒಂದು ಗಂಟೆ ಬೇಕಾಗಬಹುದು ಅಂತ ನಾನು ಬರೆದಿರಲಿಲ್ಲ. ಫಲಿತಾಂಶ ಕಾಣದೆ ಏಜೆಂಟ್ ಅದೇ ಓಟವನ್ನು ಆರು ಸಲ ಶುರು ಮಾಡಿತು. ಬೇರೆಯವರ ಕೆಲಸಗಳು ಆ ರಾತ್ರಿ ಸಾಲಿನಲ್ಲಿ ಕಾದವು. ಎಷ್ಟು ಹೊತ್ತು, ಎರಡನೇ ಸಲ ಕರೆದರೆ ಏನಾಗುತ್ತದೆ, ನಡುವೆ ನಿಲ್ಲಿಸಬಹುದಾ ಅನ್ನುವ ಮೂರನ್ನೂ ಈಗ ತಪ್ಪದೆ ಬರೆಯುತ್ತೇನೆ.

ಇನ್ನು, ಬರೆದದ್ದು ಸಾಕಾ ಅಂತ ಹೇಗೆ ತಿಳಿಯೋದು? ನಾನು ಓದಿ ನೋಡಿದರೆ ಪ್ರಯೋಜನ ಇಲ್ಲ. ನನಗೆ ಗೊತ್ತಿರೋದು ಖಾಲಿ ಜಾಗದಲ್ಲಿ ತಾನಾಗೇ ಬಂದು ಕೂತುಬಿಡುತ್ತದೆ. ಹಾಗಾಗಿ 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಪ್ರತಿಯೊಂದರ ಉತ್ತರವೂ ನಮಗೆ ಕೈಲೆಕ್ಕದಿಂದಲೋ ಹಳೆಯ ಕೆಲಸದಿಂದಲೋ ಗೊತ್ತು. ವಿವರಣೆ ಬದಲಿಸಿದಾಗಲೆಲ್ಲ ಹೊಸ ಏಜೆಂಟ್‌ಗೆ ಬರೀ ಆ ವಿವರಣೆ ಕೊಟ್ಟು ಎಲ್ಲಾ ಪ್ರಶ್ನೆ ಕೇಳುತ್ತೇನೆ. ಉತ್ತರಕ್ಕಿಂತ ಅದು ನಡೆದ ದಾರಿಯನ್ನು ಓದುತ್ತೇನೆ. "ಬಹುಶಃ", "ಸಾಮಾನ್ಯವಾಗಿ", "ಅಂದುಕೊಳ್ಳೋಣ" ಅಂತ ಎಲ್ಲಿ ಬರುತ್ತದೋ ಅಲ್ಲಿ ನನ್ನ ಒಂದು ಸಾಲು ಬಿಟ್ಟುಹೋಗಿದೆ ಅಂತ ಅರ್ಥ. ಉತ್ತರ ಸರಿ ಬಂದಿದ್ದರೂ ಆ ಸಾಲು ಬರೆಯುತ್ತೇನೆ.

ಆ 20ರಲ್ಲಿ ಮೂರು ಪ್ರಶ್ನೆಗಳಿಗೆ ಸರಿ ಉತ್ತರ "ಈ ಟೂಲ್‌ನಿಂದ ಆಗೋದಿಲ್ಲ". ಉದಾಹರಣೆಗೆ, ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಗಾಳಿ ಬೀಸುವಾಗ ಒಂದು ತಟ್ಟೆಯ ಮೇಲೆ ಬೀಳುವ ಬಲ ಎಷ್ಟು? ಅದು ಶಬ್ದದ ವೇಗದ ಅರ್ಧಕ್ಕಿಂತ ಜಾಸ್ತಿ. ಶಬ್ದದ ವೇಗದ 0.3 ಪಾಲು ದಾಟಿದ ಮೇಲೆ ಗಾಳಿ ಸಂಕುಚಿತವಾಗೋದನ್ನು ಬಿಟ್ಟು ಲೆಕ್ಕ ಹಾಕಬಾರದು ಅನ್ನೋದು ರೂಢಿ. ನಮ್ಮ ಟೂಲ್ ಸಂಕುಚಿತವಾಗದ ಹರಿವಿಗೆ ಮಾತ್ರ. ಮೊದಲ ಸಲ ಏಜೆಂಟ್ ಹಿಂದೆ ಮುಂದೆ ನೋಡದೆ ಓಡಿಸಿ ಒಂದು ಅಂಕಿ ಕೊಟ್ಟಿತು. "ಯಾವಾಗ ಬಳಸಬಾರದು" ಅಂತ ಒಂದು ಸಾಲು ಸೇರಿಸಿದ ಮೇಲೆ, ಓಡಿಸದೆ ಯಾಕೆ ಆಗೋದಿಲ್ಲ ಅಂತ ಹೇಳಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಉತ್ತರ ಅದು. ಯಾವ ಟೂಲ್‌ಗೆ ಬೇರೆ ಏನು ಬರೆಯಲು ಆಗದಿದ್ದರೂ ಆ ಒಂದು ಸಾಲನ್ನು ಬರೆಯಿರಿ ಅಂತ ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಆದರೆ ಆ ಸಾಲು ಬರೆಯೋದು ಸುಲಭ ಅಲ್ಲ. ಎಲ್ಲಿವರೆಗೆ ನಂಬಬಹುದು ಅನ್ನೋದು ಕೈಪಿಡಿಯಲ್ಲಿ ಬರೆದಿರೋದು ಕಡಿಮೆ. ಅದು ಬಳಸಿದವರ ತಲೆಯಲ್ಲಿ ಇರುತ್ತದೆ. ಅದಕ್ಕೇ ಆ ಹಿರಿಯರ ಪಕ್ಕ ಕುರ್ಚಿ ಎಳೆದುಕೊಂಡು ಮೂರು ಮಧ್ಯಾಹ್ನ ಕೂತೆ. ಅವರು ಕೇಸುಗಳನ್ನು ನೋಡುತ್ತಾ ಹೋಗೋದು, ನಾನು ಕೇಳೋದು. "ಸರ್, ಈಗ ಯಾಕೆ ತಲೆ ಅಲ್ಲಾಡಿಸಿದ್ರಿ?" ಅಂದರೆ ಮೊದಮೊದಲು ಅವರಿಗೇ ಹೇಳಲು ಬರುತ್ತಿರಲಿಲ್ಲ. "ಹಾಗೇ ಅನ್ನಿಸ್ತು" ಅನ್ನುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೋಡೆ ಹತ್ತಿರದ ಕೋಶಗಳು ನೋಡು, ಇಲ್ಲಿ ಒಂದೇ ಸಲಕ್ಕೆ ದಪ್ಪ ಆಗಿವೆ. ಇಂಥ ಕಡೆ ಎಳೆತದ ಅಂಕಿ ನಂಬಬಾರದು" ಅನ್ನೋರು. ಅದು ಒಂದು ಸಾಲು. ಮೂರು ಮಧ್ಯಾಹ್ನಕ್ಕೆ ಹೀಗೆ 41 ಸಾಲು ಸಿಕ್ಕವು. ಒಂದೂ ಎಲ್ಲೂ ಬರೆದಿಟ್ಟಿದ್ದಲ್ಲ.

ಒತ್ತಡದ ಟೂಲ್‌ನ ವಿವರಣೆ ಈಗ ಹೀಗಿದೆ, ಇದ್ದ ಹಾಗೇ ಕೊಡುತ್ತಿದ್ದೇನೆ:

"ಓಡಿ ಮುಗಿದ ಕೇಸಿನಲ್ಲಿ ಎರಡು ಮೇಲ್ಮೈಗಳ ನಡುವೆ ಸರಾಸರಿ ಒತ್ತಡ ಎಷ್ಟು ಇಳಿದಿದೆ ಎಂದು ಹೇಳುತ್ತದೆ. ಸಂಕುಚಿತವಾಗದ ಹರಿವಿನಲ್ಲಿ ಸಾಲ್ವರ್ ಕೊಡುವುದು ಒತ್ತಡ ಭಾಗಿಸು ಸಾಂದ್ರತೆ, ಯೂನಿಟ್ ಮೀ²/ಸೆ². ಪ್ಯಾಸ್ಕಲ್‌ಗೆ ಬದಲಿಸಲು ಸಾಂದ್ರತೆ ಕೊಡಲೇಬೇಕು. ಗೊತ್ತಿಲ್ಲದಿದ್ದರೆ ಬಳಕೆದಾರರನ್ನು ಕೇಳು, ಊಹಿಸಬೇಡ. ಕೇಸು ಕನ್ವರ್ಜ್ ಆಗಿದೆಯೇ ಎಂದು ಈ ಟೂಲ್ ನೋಡುವುದಿಲ್ಲ. ಮೊದಲು ಕನ್ವರ್ಜೆನ್ಸ್ ನೋಡುವ ಟೂಲ್ ಕರೆ. ಒಂದೇ ಮೆಶ್‌ನಲ್ಲಿ ಬಂದ ಅಂಕಿಯಾದರೆ ಹಾಗೆಂದು ವರದಿಯಲ್ಲಿ ಬರೆ."

ನಿನ್ನೆ ಅದೇ ಪೈಪಿನ ಪ್ರಶ್ನೆ ಮತ್ತೆ ಕೊಟ್ಟೆ. ಏಜೆಂಟ್ ಮೊದಲು ನೀರಿನ ತಾಪ ಎಷ್ಟು ಅಂತ ಕೇಳಿತು. 20 ಡಿಗ್ರಿ ಅಂದೆ. ಸಾಂದ್ರತೆ 998 ಹಾಕಿ, ಇಳಿತ ಸುಮಾರು 800 ಪ್ಯಾಸ್ಕಲ್ ಅಂತ ಬರೆಯಿತು. ಅದರ ಕೆಳಗೆ ಇನ್ನೊಂದು ಸಾಲು: ಒಂದೇ ಮೆಶ್‌ನಲ್ಲಿ ಓಡಿಸಿದ್ದು, ಸಣ್ಣ ಮೆಶ್‌ನಲ್ಲಿ ಇನ್ನೊಮ್ಮೆ ಓಡಿಸುವವರೆಗೆ ಈ ಅಂಕಿಯನ್ನು ಅಂದಾಜು ಎಂದು ತಿಳಿಯಿರಿ.

ಮೆಶ್ ಮಾಡುವ ಟೂಲ್‌ನ ವಿವರಣೆ ಮಾತ್ರ ಇನ್ನೂ ಮೊದಲಿನ ಒಂದೇ ಸಾಲಿನಲ್ಲಿದೆ. 41ರಲ್ಲಿ 17 ಸಾಲು ಅದಕ್ಕೇ ಸೇರಿದ್ದು. ನಾಳೆ ಬೆಳಗ್ಗೆ ಅವನ್ನು ಇಟ್ಟುಕೊಂಡು ಕೂರಬೇಕು.